ಅಪ್ಪ ಅಮ್ಮನ ಹತ್ತಿರ ಇರಲೆಂದು ಬಿಟ್ಟ ಪಾಸ್‌ಪೋರ್ಟ್

2023ರ ಮೇ 10. ವಿಧಾನಸಭೆ ಚುನಾವಣೆಯ ದಿನ. ತೀರ್ಥಹಳ್ಳಿ ತಾಲೂಕಿನ ನಮ್ಮೂರ ಶಾಲೆಯಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದೆ. ಅಜ್ಜಿಯ ಸೆರಗಿನ ತುದಿಯಲ್ಲಿ ವೋಟರ್ ಚೀಟಿ ಗಂಟು ಹಾಕಿತ್ತು. ನನ್ನ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

ಹೊರದೇಶದಲ್ಲಿರುವ ಭಾರತೀಯರಿಗೆ 2011ರಿಂದ ವೋಟು ಹಾಕುವ ಹಕ್ಕಿದೆ. ಫಾರಂ 6ಎ ತುಂಬಿಕೊಟ್ಟರೆ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರುತ್ತದೆ. ವೋಟರ್ ಕಾರ್ಡ್ ಕೊಡುವುದಿಲ್ಲ. ಅಂಚೆಯಲ್ಲೂ ಹಾಕುವ ಹಾಗಿಲ್ಲ. ನಾವೇ ಊರಿಗೆ ಬಂದು, ಅಸಲಿ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಹಾಗಾಗಿ ಈ ಹಕ್ಕು ಬಳಸುವವರು ಕಡಿಮೆ. ನಾನು ಅದಕ್ಕೆಂದೇ ರಜೆಯನ್ನು ಮೇ ತಿಂಗಳಿಗೆ ಹೊಂದಿಸಿಕೊಂಡಿದ್ದೆ. ಮತಗಟ್ಟೆಯ ಅಧಿಕಾರಿ ಪಟ್ಟಿಯನ್ನು ಕೊನೆಯವರೆಗೂ ಮಗುಚಿ ನನ್ನ ಹೆಸರು ಹುಡುಕಿದರು. ಹೊರದೇಶದವರ ಭಾಗದಲ್ಲಿ ನನ್ನದೊಂದೇ ಹೆಸರಿತ್ತು.

ಅಜ್ಜಿಗೆ ನಾನು ಹೇಳದೆ ಇದ್ದ ವಿಷಯ ಒಂದಿತ್ತು. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಪೌರತ್ವಕ್ಕೆ ನಾನು ಅರ್ಜಿ ಹಾಕಿ ಆರು ತಿಂಗಳಾಗಿತ್ತು.

ಯಾಕೆ ಹಾಕಿದೆ ಅನ್ನುವುದನ್ನು ಮೊದಲು ಹೇಳಬೇಕು. "ಒಳ್ಳೆ ಪಾಸ್‌ಪೋರ್ಟ್ ಆಸೆಗೆ" ಅಂತ ತುಂಬ ಜನ ಅಂದುಕೊಂಡರು. ನಾನು 2013ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಊರಿಗೆ ಕೆಲಸಕ್ಕೆ ಬಂದವಳು. ಮಗಳು ಹುಟ್ಟಿದ್ದು ಇಲ್ಲೇ, 2016ರಲ್ಲಿ. ಅಪ್ಪ ಅಮ್ಮನಿಗೆ ನಾನೊಬ್ಬಳೇ ಮಗಳು. ಅಪ್ಪನಿಗೆ ಎಪ್ಪತ್ತೆಂಟು. ನನಗಿದ್ದದ್ದು ಜರ್ಮನಿಯ ಕಾಯಂ ವಾಸದ ಪರವಾನಗಿ. ಅದರಲ್ಲಿ ಒಂದು ಷರತ್ತಿದೆ. ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಸಾಮಾನ್ಯವಾಗಿ ಆ ಪರವಾನಗಿ ಬಿದ್ದುಹೋಗುತ್ತದೆ. 2021ರಲ್ಲಿ ಅಮ್ಮನಿಗೆ ಕೋವಿಡ್ ಬಂದು ಶಿವಮೊಗ್ಗದ ಆಸ್ಪತ್ರೆ ಸೇರಿದಾಗ ನಾನು ಊರಿಗೆ ಹೋಗಿದ್ದೆ. ಅಮ್ಮ ಚೇತರಿಸಿಕೊಳ್ಳುತ್ತಿದ್ದರು, ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ. ನಾಲ್ಕೂವರೆ ತಿಂಗಳಾದಾಗ ಹೊರಟೆ. ಅಮ್ಮನಿಗೆ ಆಗ ಗೋಡೆ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ.

ಜರ್ಮನ್ ಪೌರತ್ವ ಇದ್ದರೆ ಈ ಲೆಕ್ಕವೇ ಇರುವುದಿಲ್ಲ. ಒಂದು ವರ್ಷ ಅಪ್ಪ ಅಮ್ಮನ ಜೊತೆಗಿದ್ದು ವಾಪಸ್ ಬಂದರೂ ಯಾರೂ ಏನೂ ಕೇಳುವುದಿಲ್ಲ. ಇತ್ತ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್, ಇದ್ದರೆ ಭಾರತದಲ್ಲೂ ಎಷ್ಟು ದಿನ ಬೇಕಾದರೂ ಇರಬಹುದು. ಅಂದರೆ ನನ್ನ ಊರಿನಲ್ಲಿ ಹೆಚ್ಚು ದಿನ ಇರಬೇಕಾದರೆ ನಾನು ಆ ಊರಿನ ನಾಗರಿಕಳಾಗಿ ಉಳಿಯುವಂತಿರಲಿಲ್ಲ. ಈ ಮಾತು ಎಷ್ಟು ಸಲ ಹೇಳಿಕೊಂಡರೂ ನನಗೆ ಈಗಲೂ ನೋವಾಗುತ್ತದೆ.

ಇನ್ನೊಂದು ಕಾರಣ ವೋಟು. ಇಲ್ಲಿ ಹನ್ನೊಂದು ವರ್ಷ ತೆರಿಗೆ ಕಟ್ಟಿದೆ. ಮಗಳ ಶಾಲೆ ಇಲ್ಲಿದೆ. ಆದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಇಲ್ಲಿ ಊರಿನ ಕೌನ್ಸಿಲ್ ಚುನಾವಣೆಯಲ್ಲೂ ವೋಟಿಲ್ಲ. ಇಟಲಿಯಿಂದ ಬಂದ ಪಕ್ಕದ ಮನೆಯವರು ಹಾಕುತ್ತಿದ್ದರು, ನಾನು ನೋಡುತ್ತಿದ್ದೆ.

ಅರ್ಜಿಯ ಕೆಲಸ ನಾನು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಸಂಬಳದ ಚೀಟಿ, ಪಿಂಚಣಿ ಲೆಕ್ಕ, ಮನೆ ಕರಾರು, ಬಿ1 ಮಟ್ಟದ ಜರ್ಮನ್ ಭಾಷೆಯ ಪ್ರಮಾಣಪತ್ರ ಬೇಕು. ದೊಡ್ಡವರಿಗೆ 255 ಯೂರೋ, ಜೊತೆಗೆ ಅರ್ಜಿ ಹಾಕುವ ಮಕ್ಕಳಿಗೆ 51 ಯೂರೋ. ಪೌರತ್ವ ಪರೀಕ್ಷೆಯಲ್ಲಿ 33 ಪ್ರಶ್ನೆ, ಒಂದು ಗಂಟೆ, 17 ಸರಿ ಇದ್ದರೆ ಪಾಸು. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುವ ಪಟ್ಟಿಯಿಂದಲೇ ಬರುತ್ತವೆ. ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಇಸವಿಗಳು. ಜರ್ಮನಿಯ ಮೂಲ ಕಾನೂನು, ಅಂದರೆ ಅವರ ಸಂವಿಧಾನ, ಹೊರಬಂದದ್ದು 1949ರ ಮೇ 23ಕ್ಕೆ. ನಮ್ಮ ಸಂವಿಧಾನ ಅಂಗೀಕಾರವಾದದ್ದು ಅದೇ ವರ್ಷ ನವೆಂಬರ್ 26ಕ್ಕೆ. ಆರು ತಿಂಗಳ ಅಂತರ. ನಮ್ಮಲ್ಲಿ ಪೌರತ್ವದ ವಿಧಿಗಳು ಜನವರಿ 26ರವರೆಗೂ ಕಾಯಲಿಲ್ಲ, ಆ ನವೆಂಬರ್ ದಿನವೇ ಜಾರಿಗೆ ಬಂದವು. ಹೊಸ ದೇಶಕ್ಕೆ ತನ್ನವರು ಯಾರು ಅನ್ನುವುದು ಮೊದಲು ತಿಳಿಯಬೇಕಿತ್ತಲ್ಲ.

ನನಗೆ ತಲೆನೋವಾದದ್ದು ಹೆಸರು. ನಮ್ಮ ಕಡೆ ಸರ್‌ನೇಮ್ ಎಲ್ಲಿದೆ ಹೇಳಿ? ನನ್ನ ಹೆಸರು, ಅದರ ಜೊತೆ ಅಪ್ಪನ ಹೆಸರು, ಅಷ್ಟೇ. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರು. ಜರ್ಮನಿಯಲ್ಲಿ ಖಾಲಿ ಬಿಡುವುದಿಲ್ಲ. ಹಾಗಾಗಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ ನನ್ನನ್ನು ಹನ್ನೊಂದು ವರ್ಷ ಅಪ್ಪನ ಹೆಸರಿನಿಂದಲೇ ಕರೆದರು. ನನಗೇನೂ ಬೇಸರವಿರಲಿಲ್ಲ. ಯಾರೋ ಅಪ್ಪನನ್ನು ಕೂಗಿದಂತಾಗಿ ಒಳಗೊಳಗೇ ಖುಷಿಯಾಗುತ್ತಿತ್ತು. ಪೌರತ್ವ ಸಿಕ್ಕ ಮೇಲೆ ಇಲ್ಲಿ ಒಂದು ಅವಕಾಶ ಕೊಡುತ್ತಾರೆ. ನೋಂದಣಿ ಕಚೇರಿಗೆ ಹೋಗಿ, ಯಾವುದು ಹೆಸರು, ಯಾವುದು ಮನೆತನದ ಹೆಸರು ಅಂತ ಬರೆದುಕೊಡಬಹುದು. ನಾನು ಅಪ್ಪನ ಹೆಸರನ್ನೇ ಮನೆತನದ ಹೆಸರು ಅಂತ ಬರೆದೆ. ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಲ್ಲಿಯ ಸರ್ಕಾರದ ಪುಸ್ತಕದಲ್ಲಿ ನನ್ನ ಹೆಸರಾ?" ಅಂದರು.

ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಳೇ ಪಾಸ್‌ಪೋರ್ಟಿನ ಹೆಸರಿಗೂ ಹೊಸದರ ಹೆಸರಿಗೂ ತಾಳೆಯಾಗದಿದ್ದರೆ ಓಸಿಐ ಅರ್ಜಿಯಲ್ಲಿ ಪ್ರಶ್ನೆ ಬರುತ್ತದೆ. ನನ್ನ ಅರ್ಜಿ ಒಂದು ಸಲ ವಾಪಸ್ ಬಂದದ್ದು ಇದೇ ಕಾರಣಕ್ಕೆ.

ನಾನು ಅರ್ಜಿ ಹಾಕಿದಾಗ ಜರ್ಮನಿಯಲ್ಲೂ ಹಳೇ ನಿಯಮವಿತ್ತು. ಎಂಟು ವರ್ಷ ವಾಸ ಆಗಿರಬೇಕು, ಮೊದಲಿನ ಪೌರತ್ವ ಬಿಡಬೇಕು. ನನ್ನ ಕಡತ ಕಚೇರಿಯಲ್ಲಿ ಕಾಯುತ್ತಿರುವಾಗಲೇ ಕಾನೂನು ಬದಲಾಯಿತು. 2024ರ ಜೂನ್ 27ರಿಂದ ಎಂಟು ವರ್ಷ ಐದಾಯಿತು. ಮೊದಲಿನ ಪೌರತ್ವ ಇಟ್ಟುಕೊಂಡೇ ಜರ್ಮನ್ ಆಗಬಹುದು ಅಂತಾಯಿತು. ಅಕ್ಟೋಬರಿನಲ್ಲಿ ನನ್ನನ್ನೂ ಮಗಳನ್ನೂ ಕರೆದರು. ಅದೇ ಹೊತ್ತಿಗೆ ಟರ್ಕಿ ಮೂಲದ ಒಬ್ಬ ಹೆಂಗಸೂ ಬಂದಿದ್ದರು. ಅವರು ಈ ದೇಶದಲ್ಲಿ ಮೂವತ್ತು ವರ್ಷ ದುಡಿದವರು. ಟರ್ಕಿ ಎರಡು ಪೌರತ್ವ ಒಪ್ಪುತ್ತದೆ. ಇಷ್ಟು ವರ್ಷ ಜರ್ಮನಿಯ ನಿಯಮದಿಂದಾಗಿ ಕಾದಿದ್ದೆ, ಈಗ ಎರಡೂ ನನ್ನವೇ ಅಂತ ಅವರು ಕಣ್ಣೊರೆಸಿಕೊಂಡರು.

ಅಧಿಕಾರಿ ನನಗೂ ಅದೇ ಹೇಳಿದರು. ನಿಮ್ಮ ಹಳೇ ಪೌರತ್ವ ಇಟ್ಟುಕೊಳ್ಳಲು ನಮ್ಮ ಕಡೆಯಿಂದ ಅಡ್ಡಿ ಇಲ್ಲ ಅಂದರು. ಭಾರತ ಒಪ್ಪುವುದಿಲ್ಲ ಅಂದೆ. ಅವರಿಗೆ ಗೊತ್ತಿರಲಿಲ್ಲ.

ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುವುದಿಷ್ಟು: ತಾನಾಗಿ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಆ ಕ್ಷಣಕ್ಕೆ ಮುಗಿಯುತ್ತದೆ. ಯಾರೂ ಆದೇಶ ಹೊರಡಿಸಬೇಕಿಲ್ಲ, ನಾವು ರಾಜೀನಾಮೆ ಕೊಡಬೇಕಿಲ್ಲ. ಜರ್ಮನಿಯ ಮೂಲ ಕಾನೂನಿಗೂ ಕಾನೂನುಗಳಿಗೂ ಗೌರವ ಕೊಡುತ್ತೇನೆ, ಈ ದೇಶಕ್ಕೆ ಕೇಡಾಗುವ ಯಾವುದನ್ನೂ ಮಾಡುವುದಿಲ್ಲ ಅಂತ ಎದ್ದು ನಿಂತು ಹೇಳಿದೆ. ಅಧಿಕಾರಿ ಪ್ರಮಾಣಪತ್ರ ಕೈಗಿಟ್ಟರು. ಅಷ್ಟರಲ್ಲಿ ಆಗಿಹೋಗಿತ್ತು. ಬ್ಯಾಗಿನಲ್ಲಿದ್ದ ಕಡುನೀಲಿ ಪುಸ್ತಕವನ್ನು ಇನ್ನು ನಾನು ಎಲ್ಲೂ ತೋರಿಸುವ ಹಾಗಿರಲಿಲ್ಲ. ಬೇರೆ ಪೌರತ್ವ ಪಡೆದ ಮೇಲೂ ಭಾರತದ ಪಾಸ್‌ಪೋರ್ಟಿನಲ್ಲಿ ಓಡಾಡುವುದು ಅಪರಾಧ. ಮಗಳು ಪ್ರಮಾಣಪತ್ರದ ಮೇಲಿನ ಹದ್ದಿನ ಚಿತ್ರ ನೋಡುತ್ತಿದ್ದಳು. ನನ್ನ ಗಂಡ ಹೊರಗೆ ಕಾಯುತ್ತಿದ್ದರು. ಅವರು ಅರ್ಜಿ ಹಾಕಿರಲಿಲ್ಲ. ನನ್ನಿಂದ ಆಗಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಒತ್ತಾಯ ಮಾಡಲಿಲ್ಲ ನಾನು. ಈಗ ನಮ್ಮ ಮನೆಯಲ್ಲಿ ಮೂರು ಜನಕ್ಕೆ ಎರಡು ದೇಶ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಈ ದಾರಿಯಲ್ಲಿರುವ ಪ್ರತಿಯೊಬ್ಬರಿಗೂ ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತೆ.

ಪ್ರಮಾಣಪತ್ರ ಸಿಕ್ಕ ದಿನಕ್ಕೂ ಜರ್ಮನ್ ಪಾಸ್‌ಪೋರ್ಟ್ ಕೈಗೆ ಬರುವ ದಿನಕ್ಕೂ ನಡುವೆ ಕೆಲವು ವಾರ ಇರುತ್ತದೆ. ಹಳೆಯದು ಸತ್ತಿದೆ, ಹೊಸದು ಹುಟ್ಟಿಲ್ಲ. ನಾನು ಮಾಮೂಲಿ ಪಾಸ್‌ಪೋರ್ಟಿಗೆ ಹಾಕಿದ್ದೆ, 70 ಯೂರೋ. ಇನ್ನೂ 32 ಯೂರೋ ಕೊಟ್ಟರೆ ಅವಸರದ ಪಾಸ್‌ಪೋರ್ಟ್ ಸಿಗುತ್ತದೆ, ಕೆಲವೇ ದಿನಗಳಲ್ಲಿ. ಅವಸರವೇನಿದೆ ಅಂದುಕೊಂಡು ನಾನು ಅದನ್ನು ಕೇಳಲಿಲ್ಲ.

ನವೆಂಬರ್ ಮೊದಲ ವಾರ, ಬೆಳಗಿನ ಜಾವ ಅಮ್ಮನ ಫೋನು. ಅಜ್ಜಿ ರಾತ್ರಿ ಮಲಗಿದವರು ಏಳಲಿಲ್ಲ. "ಬಂದುಬಿಡು ಪುಟ್ಟೀ" ಅಂದರು ಅಮ್ಮ. ಎಂದಿನ ಹಾಗೆ ಟಿಕೆಟ್ ನೋಡಲು ಲ್ಯಾಪ್‌ಟಾಪ್ ತೆಗೆದೆ. ಪಾಸ್‌ಪೋರ್ಟ್ ನಂಬರ್ ಕೇಳುವ ಜಾಗಕ್ಕೆ ಬಂದಾಗ ಕೈ ನಿಂತಿತು. ಯಾವ ನಂಬರ್ ಹಾಕಲಿ? ಅವತ್ತು ನನ್ನ ಹತ್ತಿರ ಗಡಿ ದಾಟಿಸುವ ಒಂದು ಕಾಗದವೂ ಇರಲಿಲ್ಲ. ಆಗ ಅವಸರದ ಪಾಸ್‌ಪೋರ್ಟಿಗೆ ಓಡಿದ್ದರೂ ಅದಾದ ಮೇಲೆ ವೀಸಾ ಆಗಬೇಕಿತ್ತು. ದಹನದ ಹೊತ್ತಿಗಂತೂ ಯಾವ ದಾರಿಯೂ ಇರಲಿಲ್ಲ. ಅಪ್ಪನೇ ಬೇಡ ಅಂದರು. "ಅಲ್ಲೇ ದೀಪ ಹಚ್ಚಿಡು ಮಗಾ. ಅವಳಿಗೆ ಗೊತ್ತಾಗ್ತದೆ." ವೈಕುಂಠ ಸಮಾರಾಧನೆಯ ದಿನ ಕಸಿನ್ ಒಬ್ಬಳು ವಿಡಿಯೋ ಕಾಲ್ ಮಾಡಿ ಅಂಗಳ ತೋರಿಸಿದಳು. ಬಾಳೆಎಲೆ ಸಾಲು, ಬಡಿಸುವವರ ಓಡಾಟ. ಅಜ್ಜಿ ಕೂರುವ ಜಗಲಿಯ ಮೂಲೆ ಖಾಲಿ ಇತ್ತು.

ಅದಕ್ಕೇ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವಸರದ ಪಾಸ್‌ಪೋರ್ಟನ್ನೇ ಕೇಳಿ. ಬಂದ ದಿನವೇ ಸರೆಂಡರ್ ಅರ್ಜಿ ಹಾಕಿ.

ಸರೆಂಡರ್ ಅಂದರೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಪೌರತ್ವ ಬಿಟ್ಟಿದ್ದಕ್ಕೆ ಪತ್ರ ಪಡೆಯುವುದು. ಆ ಪತ್ರ ಇಲ್ಲದೆ ಓಸಿಐ ಮುಂದಕ್ಕೆ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಬಂತು, ಅದೇ ವಾರ ನನ್ನದೂ ಮಗಳದೂ ಹಳೆಯವನ್ನು ಕೊಟ್ಟೆ. ಅವನ್ನು ಇಟ್ಟುಕೊಳ್ಳುವುದಿಲ್ಲ. ಮೂಲೆ ಕತ್ತರಿಸಿ, ರದ್ದಾಗಿದೆ ಅಂತ ಠಸ್ಸೆ ಒತ್ತಿ ವಾಪಸ್ ಕೊಡುತ್ತಾರೆ. ಮಗಳ ಮೊದಲ ಪಾಸ್‌ಪೋರ್ಟಿನಲ್ಲಿ ಅವಳದು ಮೂರು ತಿಂಗಳ ಮಗುವಿನ ಫೋಟೋ. ಅದೂ ಹಾಗೇ ಬಂತು, ಮೂಲೆ ಇಲ್ಲದೆ.

ಓಸಿಐ ಅರ್ಜಿ ತುಂಬುವುದು ಆನ್‌ಲೈನಿನಲ್ಲಿ. ಭಾಗ ಎ, ಭಾಗ ಬಿ. ಶುಲ್ಕ 275 ಡಾಲರಿಗೆ ಸಮನಾದ ಯೂರೋ, ಅದರ ಮೇಲೆ ಸೇವಾ ಕೇಂದ್ರದ ಶುಲ್ಕ ಬೇರೆ. ಫೋಟೋ ಚೌಕವಾಗಿರಬೇಕು, ಹಿನ್ನೆಲೆ ಪೂರ್ತಿ ಬಿಳಿ ಇರಬಾರದು. ಇಲ್ಲಿಯ ಸ್ಟುಡಿಯೋದವರು ಜರ್ಮನ್ ಅಳತೆಯಲ್ಲಿ ಉದ್ದಕ್ಕೆ ತೆಗೆಯುತ್ತಾರೆ, ಮೊದಲೇ ಹೇಳಿ. ಮಕ್ಕಳಾದರೆ ತಂದೆ ತಾಯಿ ಇಬ್ಬರ ಸಹಿಯೂ ಬೇಕು. ಮಗಳ ಅರ್ಜಿಗೆ ಸಹಿ ಹಾಕುವಾಗ ನನ್ನ ಗಂಡ ಕಾಗದವನ್ನು ಎರಡು ಸಲ ಓದಿದರು. "ಇವಳಿಗೆ ಹದಿನೆಂಟಾದಾಗ ವಾಪಸ್ ಬೇಕು ಅಂದರೆ?" ಅಂತ ಕೇಳಿದರು. ಓಸಿಐ ಆಗಿ ಐದು ವರ್ಷ ಕಳೆದು, ಭಾರತದಲ್ಲಿ ನಿಯಮದ ಪ್ರಕಾರ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ಜರ್ಮನಿಯದನ್ನು ಬಿಡಬೇಕು. ಅದನ್ನೇ ಹೇಳಿದೆ. ಅವರು ಸಹಿ ಹಾಕಿದರು.

ಮಾರ್ಚಿನಲ್ಲಿ ಕಾರ್ಡ್ ಬಂತು. ಕಾರ್ಡ್ ಅಂತ ಕರೆದರೂ ಅದು ಪಾಸ್‌ಪೋರ್ಟಿನಂಥದ್ದೇ ಪುಟ್ಟ ಪುಸ್ತಕ.

ಓಸಿಐ ಬಗ್ಗೆ ಊರಿನಲ್ಲಿ ತುಂಬ ತಪ್ಪು ತಿಳಿವಳಿಕೆ ಇದೆ. ಹೆಸರಿನಲ್ಲಿ 'ಸಿಟಿಜನ್' ಅಂತ ಇರುವುದರಿಂದ ಇದೇ ದ್ವಿಪೌರತ್ವ ಅಂದುಕೊಳ್ಳುತ್ತಾರೆ. ಅಪ್ಪನೂ ಹಾಗೇ ಅಂದುಕೊಂಡಿದ್ದರು. ಅದಕ್ಕೆ ಕಾರಣವೂ ಇದೆ. ಹೊರದೇಶದ ಭಾರತೀಯರ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಎಲ್.ಎಂ. ಸಿಂಘ್ವಿ ಸಮಿತಿ 2002ರಲ್ಲಿ ದ್ವಿಪೌರತ್ವ ಕೊಡಬಹುದು ಅಂತಲೇ ಹೇಳಿತ್ತು. ಪೇಪರಿನಲ್ಲಿ ಆ ಪದವೇ ಓಡಾಡಿತು. ಕೊನೆಗೆ 2005ರ ತಿದ್ದುಪಡಿಯ ಮೇಲೆ, 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಬಂದದ್ದು ಈ ಓಸಿಐ. ಜೀವನಪೂರ್ತಿ ವೀಸಾ ಬೇಡ, ಎಷ್ಟು ದಿನ ಇದ್ದರೂ ಪೊಲೀಸ್ ನೋಂದಣಿ ಬೇಡ, ಕೆಲಸ ಮಾಡಬಹುದು, ಮನೆ ಸೈಟು ಕೊಳ್ಳಬಹುದು. ನನಗೆ ಬೇಕಾಗಿದ್ದದ್ದು ಇದೇ, ಅದಕ್ಕೆ ಮನಸಾರೆ ಋಣಿ. ಆದರೆ ವೋಟಿಲ್ಲ. ಚುನಾವಣೆಗೆ ನಿಲ್ಲುವ ಹಾಗಿಲ್ಲ. ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಓಸಿಐ ಪಡೆದ ಮಕ್ಕಳು ನೀಟ್ ಬರೆದರೂ ಎನ್‌ಆರ್‌ಐ ಸೀಟಿಗೆ ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟಿಗೆ ಮಾತ್ರ ಅರ್ಹರು. ನನ್ನ ಮಗಳು ಮುಂದೆ ಶಿವಮೊಗ್ಗದಲ್ಲಿ ಡಾಕ್ಟರ್ ಓದುತ್ತೇನೆ ಅಂದರೆ ಅವಳಿಗೆ ಸಾಮಾನ್ಯ ಸೀಟಿನ ಬಾಗಿಲು ಮುಚ್ಚಿದೆ. ಸಂಶೋಧನೆಗೂ ಪತ್ರಿಕಾ ಕೆಲಸಕ್ಕೂ ಬೇರೆ ಅನುಮತಿ ಬೇಕು.

ಆಮೇಲೆ ತೋಟ. ನಮ್ಮದು ಎರಡೂವರೆ ಎಕರೆ ಅಡಿಕೆ. ಓಸಿಐ ಇರುವವರು ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ಬದಲಾಗಿ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತಾಯಿತಲ್ಲ ಅಂತ ನೆಂಟರೊಬ್ಬರು ಅಂದರು. ಅದು ರಾಜ್ಯದ ಕಾನೂನು. ನಮ್ಮನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಫೆಮಾ. ಅಪ್ಪ ದಾನಪತ್ರ ಬರೆದುಕೊಡಲು ಹೊರಟಿದ್ದರು. ಅದೂ ಆಗುವುದಿಲ್ಲ. ಕೃಷಿ ಭೂಮಿಯನ್ನು ಓಸಿಐಯವರು ದಾನವಾಗಿಯೂ ಪಡೆಯುವಂತಿಲ್ಲ. ವಾರಸುದಾರಿಕೆಯಲ್ಲಿ ಬಂದರೆ ಮಾತ್ರ ಸರಿ. ಮುಂದೆ ಮಾರುವುದಾದರೂ ಭಾರತದಲ್ಲಿ ವಾಸವಿರುವ ಭಾರತೀಯರಿಗೇ ಮಾರಬೇಕು. ವಕೀಲರು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅಪ್ಪ ದಾನಪತ್ರ ಬಿಟ್ಟು ವಿಲ್ ಬರೆಸಿದರು.

ಅಪ್ಪ ಬದುಕಿರುವಾಗ ಅವರ ಕೈಯಿಂದ ನನ್ನ ಕೈಗೆ ತೋಟ ಬರುವ ಹಾಗಿಲ್ಲ. ಅವರು ಹೋದ ಮೇಲೆ ಬರಬಹುದು. ಕಾನೂನಿನ ಭಾಷೆಯಲ್ಲಿ ಇದು ಒಂದು ಸಾಲು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಾಗ ಅದು ಬೇರೆಯೇ ಆಗಿತ್ತು.

ಎರಡು ಪೌರತ್ವ ಇದ್ದರೆ ನಿಷ್ಠೆ ಎರಡಾಗುತ್ತದೆ, ಭದ್ರತೆಗೆ ತೊಂದರೆ ಅನ್ನುತ್ತಾರೆ. ಆ ಚಿಂತೆ ನನಗೆ ಅರ್ಥವಾಗುತ್ತದೆ. ಒಪ್ಪಲು ಆಗುವುದಿಲ್ಲ. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ 2023ರಲ್ಲಿ 2,16,219 ಜನ ಭಾರತೀಯ ಪೌರತ್ವ ಬಿಟ್ಟರು. ಇವರಲ್ಲಿ ನನ್ನಂತೆ ಊರಿನಲ್ಲಿ ಅಪ್ಪ ಅಮ್ಮ, ತೋಟ, ಮನೆ ಬಿಟ್ಟು ಬಂದವರು ಎಷ್ಟೋ ಜನ. ಯಾವ ದೇಶಕ್ಕೂ ಬೆನ್ನು ತಿರುಗಿಸದೆ ಬದುಕಲು ನಮಗೊಂದು ದಾರಿ ಇರಬೇಕಿತ್ತು. ಉನ್ನತ ಹುದ್ದೆ ಬೇಡ, ಚುನಾವಣೆಗೆ ನಿಲ್ಲುವುದೂ ಬೇಡ. ಹೆಸರಿಗೆ ತಕ್ಕ ಪೌರತ್ವ ಸಾಕಾಗಿತ್ತು. "ತವರಿಗೆ ಬಂದ ಹೆಣ್ಣುಮಗಳ ಹಾಗೆ ಅಲ್ವಾ ಇದು? ಬಾ ಅಂತಾರೆ, ಇರು ಅಂತಾರೆ, ಮನೆ ವ್ಯವಹಾರ ಮಾತ್ರ ಕೇಳಲ್ಲ" ಅಂದರು ಅಮ್ಮ, ಓಸಿಐ ಪುಸ್ತಕ ತಿರುವಿ ಹಾಕುತ್ತಾ.

2025ರ ಫೆಬ್ರವರಿ 23ಕ್ಕೆ ಜರ್ಮನಿಯ ಸಂಸತ್ತಿನ ಚುನಾವಣೆ. ಇಲ್ಲಿ ವೋಟಿಗೆ ಅರ್ಜಿ ಹಾಕಬೇಕಿಲ್ಲ. ಮನೆ ವಿಳಾಸಕ್ಕೆ ಚೀಟಿ ತಾನಾಗಿ ಬರುತ್ತದೆ. ಮಗಳ ಶಾಲೆಯೇ ಮತಗಟ್ಟೆ. ಮಷಿನ್ ಇಲ್ಲ, ಉದ್ದನೆಯ ಕಾಗದದಲ್ಲಿ ಪೆನ್ನಿನಿಂದ ಎರಡು ಗುರುತು ಹಾಕಬೇಕು. ಹಾಕಿ ಹೊರಗೆ ಬಂದೆ. ಸುಮ್ನೆ ಎಡಗೈ ಬೆರಳು ನೋಡಿಕೊಂಡೆ. ಇಲ್ಲಿ ಶಾಯಿ ಹಾಕುವುದಿಲ್ಲ.

ಏಪ್ರಿಲಿನಲ್ಲಿ ಊರಿಗೆ ಹೋದೆವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಮಿಗ್ರೇಶನ್ ಅಧಿಕಾರಿ ಎರಡೂ ಪುಸ್ತಕ ನೋಡಿ "ಯಾವೂರು ಮೇಡಂ?" ಅಂತ ಕನ್ನಡದಲ್ಲೇ ಕೇಳಿದರು. ತೀರ್ಥಹಳ್ಳಿ ಅಂದೆ. ಠಸ್ಸೆ ಒತ್ತಿ ಕೊಟ್ಟರು. ಈ ಸಲ ಟಿಕೆಟಿನಲ್ಲಿ ವಾಪಸ್ ಬರುವ ದಿನಾಂಕ ಮಗಳ ಶಾಲೆಗಾಗಿ ಇತ್ತು, ಪರವಾನಗಿಗಾಗಿ ಅಲ್ಲ. ಮುಂದಿನ ವರ್ಷ ಕೆಲಸದಿಂದ ದೀರ್ಘ ರಜೆ ಕೇಳಿದ್ದೇನೆ, ಎಂಟು ತಿಂಗಳು.

ಬ್ಯಾಂಕಿಗೆ ಹೋಗಿ ಹೊಸ ಪೌರತ್ವದ ವಿವರ ಕೊಟ್ಟೆ. ಉಳಿದದ್ದು ಮತದಾರರ ಪಟ್ಟಿ. ನಾಗರಿಕಳಲ್ಲದ ಮೇಲೆ ಹೆಸರು ಅಲ್ಲಿರಬಾರದು. ನಮ್ಮೂರ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಂಗನವಾಡಿ ಟೀಚರ್. ನನ್ನನ್ನು ಚಿಕ್ಕಂದಿನಿಂದ ನೋಡಿದವರು. ಅಜ್ಜಿಯ ಹೆಸರು ತೆಗೆಯಲು ಫಾರಂ 7 ತಂದಿದ್ದರು. ನನಗೂ ಒಂದು ಬೇಕು ಅಂದೆ. ಜಗಲಿಯಲ್ಲಿ ಕೂತು ಎರಡನ್ನೂ ತುಂಬಿದೆವು. ಕಾರಣದ ಜಾಗದಲ್ಲಿ ಅಪ್ಪ ಅಜ್ಜಿಯದಕ್ಕೆ 'ಮರಣ' ಅಂತ ಗುರುತು ಮಾಡಿದರು. ನನ್ನದರಲ್ಲಿ ಕೆಳಗಿನ ಸಾಲು ನೋಡಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. 'ಭಾರತೀಯ ನಾಗರಿಕರಲ್ಲ' ಅಂತ ಅಲ್ಲಿತ್ತು. ಗುರುತು ಹಾಕಿದೆ. ಟೀಚರ್ ಎರಡೂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಅಮ್ಮ ಒಳಗಿನಿಂದ ಕಾಫಿ ತಂದರು.